ಹಟ್ಟಿಯ ಸೀಸೆಗಳೆಲ್ಲ ನೀಲಿ

ಎಪ್ಪತ್ತರ ದಶಕದಲ್ಲಿ ನಮ್ಮ ದೇಶದ ವೈದ್ಯಪಂಡಿತರಿಗೆ ಒಂದು ಸಂಗತಿ ಖಚಿತವಾಗಿ ಗೊತ್ತಿತ್ತು: ಸಕ್ಕರೆ ಕಾಯಿಲೆ ಪೇಟೆಯ ಸಾಹುಕಾರರದು, ಮುದ್ದೆ ಉಂಡು ಕುರಿಯ ಹಿಂದೆ ನಡೆಯುವವರ ಹತ್ತಿರ ಅದು ಸುಳಿಯುವುದಿಲ್ಲ. ಇದು ಗೊತ್ತಿಲ್ಲದಿದ್ದದ್ದು ನನ್ನ ದೊಡ್ಡಮ್ಮನ ಹೆಬ್ಬೆರಳಿಗೆ ಮಾತ್ರ. ಮಾಡದಕೆರೆ ಕಡೆಯ ನಮ್ಮ ಹಟ್ಟಿಯಲ್ಲಿ ಜಾಲಿಮುಳ್ಳು ಚುಚ್ಚಿದ ಆ ಕಾಲ್ಬೆರಳು ಬೇಸಿಗೆ ಕಳೆದು ಮಳೆ ಬಂದರೂ ಮಾಯದೆ ಕಪ್ಪಾಗುತ್ತ ಬಂದಿತ್ತು. ಎಷ್ಟು ನೀರು ಕುಡಿದರೂ ಅವಳಿಗೆ ದಾಹ. ಬಚ್ಚಲಲ್ಲಿ ಅವಳು ಕೂತೆದ್ದ ಕಡೆ ಇರುವೆ ಮುತ್ತುತ್ತಿದ್ದವು. ಬೆರಳಿನ ಕಪ್ಪು ಪಾದಕ್ಕೆ ಏರಿದರೆ ಕಾಲೇ ಹೋಗುತ್ತದೆಂಬ ಭಯ ನನಗೆ.

ನಾನಾಗ ಚಿತ್ರದುರ್ಗದ ಕಾಲೇಜಿನಲ್ಲಿ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಚರ್ಚಾಸ್ಪರ್ಧೆಗಳಲ್ಲಿ ಕೂಗಾಡುತ್ತಿದ್ದೆ. ಅಂಥ ಒಂದು ಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದ ಡಾಕ್ಟರು ಈ ಕಾಯಿಲೆಯ ಬಗ್ಗೆಯೇ ಸಂಶೋಧನೆ ಮಾಡುವವರೆಂದು ತಿಳಿದು, ದೊಡ್ಡಮ್ಮನ ವಿಷಯ ಹೇಳಿದೆ.

"ರಾಗಿ ತಿನ್ನೋರಿಗೆ ಅದು ಬರಲ್ಲ ಕಣಯ್ಯಾ," ಎಂದು ನಕ್ಕು, ಒಂದು ಕಟ್ಟು ಲೇಖನಗಳನ್ನು ಕೈಗಿಟ್ಟರು. "ಓದು. ಟ್ರೆಂಡ್ ಗೊತ್ತಾಗುತ್ತೆ."

ಓದಿದೆ. ಗೊತ್ತಾಯಿತು. ಮೊದಲ ಲೇಖನ ದೊಡ್ಡ ಊರಿನ ಆಸ್ಪತ್ರೆಗೆ ಬಂದವರನ್ನು ನೋಡಿ, ಹಳ್ಳಿಯವರಲ್ಲಿ ಈ ರೋಗ ವಿರಳ ಎಂದಿತ್ತು. ಎರಡನೆಯದು ಮೊದಲನೆಯದನ್ನು ಸಾಕ್ಷಿಗೆ ಕರೆದಿತ್ತು. ಮೂರನೆಯದು ಎರಡನ್ನೂ ಕರೆದು, ಎಲ್ಲರಿಗೂ ತಿಳಿದ ಮಾತೆಂದು ಷರಾ ಬರೆದಿತ್ತು. ಹಳ್ಳಿಗೆ ಮಾತ್ರ ಯಾರೂ ಬಂದಿರಲಿಲ್ಲ.

"ಸಾರ್, ಆಸ್ಪತ್ರೆ ಬಾಗಿಲಲ್ಲಿ ಕೂತು ಎಣಿಸಿದ್ರೆ ಬಸ್ಸು ಹತ್ತಿ ಬಂದೋರು ಮಾತ್ರ ಸಿಗ್ತಾರೆ. ಬರದೇ ಇರೋರಿಗೆ ರೋಗವೇ ಇಲ್ಲ ಅನ್ನೋದು ಯಾವ ತರ್ಕ?"

ಡಾಕ್ಟರಿಗೆ ಉರಿದುಹೋಯಿತು. "ನಿಮ್ಮ ಹಟ್ಟೀಲೇ ಪರೀಕ್ಷೆ ಮಾಡಿ ನಿನ್ನ ಬಾಯಿ ಮುಚ್ಚಿಸ್ತೀನಿ, ನೋಡ್ತಿರು."

ಜೀಪಿನಲ್ಲಿ ಬಂದೇಬಿಟ್ಟರು. ಸಂಜೆ ಮನೆಮನೆಗೂ ಹೆಸರು ಅಂಟಿಸಿದ ಸೀಸೆ ಹಂಚಿ, ಬೆಳಗ್ಗೆ ಮೂತ್ರ ತುಂಬಿಸಿ ತರಲು ಹೇಳಿದರು. ಶಾಲೆಯ ಜಗುಲಿಯಲ್ಲಿ ಸ್ಪಿರಿಟ್ ದೀಪ ಹೊತ್ತಿತು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಬಿಟ್ಟು ಕಾಯಿಸಬೇಕು. ಸಕ್ಕರೆ ಜಾಸ್ತಿಯಿದ್ದರೆ ಇಟ್ಟಿಗೆ ಬಣ್ಣ, ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಹಟ್ಟಿಗೆ ಹಟ್ಟಿಯೇ ನೀಲಿ. ದೊಡ್ಡಮ್ಮನದೂ ನೀಲಿ.

"ಕಲ್ಲುಗುಂಡು ಇದ್ದಂಗಿದಾರಲ್ಲಯ್ಯ ನಿಮ್ಮ ದೊಡ್ಡಮ್ಮ!" ಎಂದರು ಡಾಕ್ಟರು.

ನಾನು ಮುಖ ಇಳಿಸಿಕೊಂಡು ಮನೆಗೆ ಬಂದರೆ, ದೊಡ್ಡಮ್ಮನ ಸೊಸೆ, ನನ್ನ ಅತ್ತಿಗೆ, ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಯಾಕತ್ತಿಗೆ?"

"ಏನಪ್ಪ, ಗುರ್ತಿಲ್ದೋನ ಕೈಗೆ ಉಗುರು ಕೂದ್ಲೇ ಕೊಡಲ್ಲ ನಾವು. ಇದನ್ನ ಕೊಟ್ಟು, ಅವ್ನು ಮಾಟಗೀಟ ಮಾಡ್ಸಿದ್ರೆ? ಅದ್ಕೇ ಎಲ್ರೂ ದೊಡ್ಡಿಗೋಗಿ ಕುರಿ ಮೂಗು ಹಿಡಿದ್ವಿ."

ಕುರಿಯ ಮೂಗನ್ನು ಒಂದು ಗಳಿಗೆ ಅದುಮಿ ಹಿಡಿದರೆ ಅದು ಗಾಬರಿಬಿದ್ದು ಉಚ್ಚೆ ಹೊಯ್ಯುತ್ತದೆ. ಕುರಿ ಸಾಕಿದವರಿಗೆಲ್ಲ ಗೊತ್ತಿರುವ ವಿದ್ಯೆ. ಸಂಶೋಧನೆಗೆ ಬಳಕೆಯಾದದ್ದು ಇದೇ ಮೊದಲಿರಬೇಕು.

"ಇಡೀ ಹಟ್ಟಿಯೋರಾ?"

"ಹೂಂ. ನಮ್ಮತ್ತೆ ಸೀಸೇಗೆ ಆ ಕರೇ ಕುರೀದು. ಯಾಕೆ, ಅದ್ಕೇನಾರ ಐತಂತಾ?"

ದೊಡ್ಡಮ್ಮನ ಮುಂದೆ ಕೂತು ವಾದ ಶುರುಮಾಡಿದೆ. ಸ್ಪರ್ಧೆಗಳಲ್ಲಿ ಬೆಳ್ಳಿ ಬಟ್ಟಲು ತಂದುಕೊಟ್ಟಿದ್ದ ವಾದಗಳೆಲ್ಲ ಅವಳ ಎಲೆಯಡಿಕೆಯ ಜೊತೆ ನುರಿದುಹೋದವು. "ನನ್ನನ್ನ ಆ ಜೀಪಿನೋನಿಗೆ ಬಲಿ ಕೊಡ್ಬೇಕಂತ ಮಾಡೀಯೇನ್ಲೇ?" ಎಂದಳು. ಕೊನೆಗೆ ನಾನು ಅವಳ ದಾರಿಗೇ ಬಂದೆ. "ನಿಂದನ್ನ ನೀನೇ ಸೀಸೇಲಿ ಹಿಡ್ಕಂಡು ಬಾ. ನಿನ್ನ ಕಣ್ಣೆದುರಿಗೇ ಕಾಯಿಸ್ಲಿ. ಮಿಕ್ಕಿದ್ದು ನೀನೇ ಮಣ್ಣಿಗೆ ಚೆಲ್ಲು. ಆವಯ್ಯನ ಕೈಲಿ ಏನೂ ಉಳಿಯಲ್ಲ."

ಅವಳು ಎಲೆಯಡಿಕೆ ಉಗಿದು ಎದ್ದಳು. "ಹಂಗಾರೆ ನಡಿ, ಹೋಗಾಣ."

ಜಗುಲಿಯಲ್ಲಿ ದ್ರಾವಣ ಹಸಿರಾಯಿತು, ಹಳದಿಯಾಯಿತು, ಹೊಸ ಹೆಂಚಿನಂತೆ ಕೆಂಪಗೆ ನಿಂತಿತು. ಡಾಕ್ಟರು ಇನ್ನೊಮ್ಮೆ ಕಾಯಿಸಿದರು. ಕೆಂಪೇ.

"ಇವರೊಬ್ಬರು ಎಕ್ಸೆಪ್ಶನ್," ಎಂದರು.

"ಉಳಿದವರು ಕುರಿಗಳು, ಸಾರ್." ಎಲ್ಲವನ್ನೂ ಹೇಳಿದೆ.

"ಇದು ನಿನ್ನ ಚರ್ಚಾಸ್ಪರ್ಧೆ ಅಲ್ಲ," ಎಂದು ದೀಪ ಆರಿಸಿದರು. ಸುಮ್ಮನೆ ಹೇಳಬಾರದು, ಚಿತ್ರದುರ್ಗದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬೆರಳು ಹೋಯಿತು, ಕಾಲು ಉಳಿಯಿತು. ದೊಡ್ಡಮ್ಮನಿಗೆ ಬೆಲ್ಲ ತಿನ್ನುವುದು ಬಂದ್ ಆಯಿತು.

ಮುಂದೆ ಡಾಕ್ಟರ ಲೇಖನ ಅಚ್ಚಾಗಿ ಬಂತು: ರಾಗಿ ಉಣ್ಣುವ ಕುರಿಗಾಹಿಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲ. ಎಕ್ಸೆಪ್ಶನ್ನೂ ಅದರಲ್ಲಿರಲಿಲ್ಲ. ಹಿಂದಿನ ಲೇಖನಗಳನ್ನೆಲ್ಲ ಭಕ್ತಿಯಿಂದ ಸ್ಮರಿಸಿತ್ತು. ಹಟ್ಟಿಗೆ ಹೋದಾಗ, ಈ ದೇಶದ ವಿದ್ಯೆಯನ್ನು ಬೈಯುತ್ತ, ದೊಡ್ಡಮ್ಮನಿಗೆ ಅದನ್ನು ಓದಿ ಹೇಳಿದೆ. ನನ್ನ ಸಿಟ್ಟೆಲ್ಲ ಮುಗಿಯುವವರೆಗೂ ಕಾದಳು.

"ಅಚ್ಚಲ್ಲೇ ಹಾಕ್ಯಾರಾ, ನಮಗಿಲ್ಲ ಅಂತ?"

"ಹೂಂ, ಹಾಕಿದಾರೆ."

"ಮತ್ತೆ ಇನ್ನೇನ್ಲೇ? ಆ ಬೆಲ್ಲದ ಡಬ್ಬಿ ಇತ್ಲಾಗ್ ಕೊಡು."

ಡಬ್ಬಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಹೊರಗೆ ಸಾಗಿಸಿದೆ. ಬೇರೆ ವಾದ ನನ್ನಲ್ಲಿರಲಿಲ್ಲ.