ನಾನು ನುಣ್ಣಗೆ ಮಾಡಿಸಿದ ಪೈಪು

ಹೋದ ವಾರ ನಮ್ಮ ಮನೆಯ ಬಾಗಿಲಿಗೆ ಪಾಲಿಶ್ ಹೊಡೆಸಿದೆವು. ಆ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತೆ. ತಲೆನೋವೇನು ಎಂದು ಮಗಳು ಕೇಳಿದಳು. ಹೌದು ಎಂದೆ. ನಾಲತವಾಡದ ಕಾಕಾ ನೆನಪಾದರು ಎಂದರೆ ಅವಳಿಗೆ ಎಲ್ಲಿಂದ ಶುರು ಮಾಡಿ ಹೇಳಬೇಕು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ನಾಲತವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪಕ್ಕದ ಮನೆಯಲ್ಲಿ ನಿವೃತ್ತ ದನದ ಡಾಕ್ಟರು ಮತ್ತು ಅವರ ಹೆಂಡತಿ. ನನಗೆ ಕಾಕಾ, ಕಾಕು. ಸುತ್ತಿನ ಹಳ್ಳಿಗಳಲ್ಲಿ ಕಾಕಾನ ಕೈ ಸೋಕದ ಎತ್ತು ಎಮ್ಮೆ ಇರಲಿಲ್ಲ. ಊರ ಗಂಡಸರೆಲ್ಲ ಬೀಡಿ, ಚಿಲುಮೆ ಸೇದಿದರೆ ಕಾಕಾ ಮಾತ್ರ ಪೈಪು. ಕಾಲೇಜಿನಲ್ಲಿ ಅಂಟಿದ ಚಟವಂತೆ. ಕಟ್ಟೆಯ ಮೇಲೆ ಕೂತು ತಂಬಾಕು ತುಂಬಿ, ಒತ್ತಿ, ಕಡ್ಡಿ ಗೀರುವಷ್ಟರಲ್ಲಿ ನನ್ನ ಒಂದು ಬಕೆಟ್ ಬಟ್ಟೆ ಒಗೆದು ಮುಗಿಯುತ್ತಿತ್ತು. "ಕಾಕಾ, ನಮ್ಮ ಒಲಿ ಹೊತ್ತಾಕೂ ಇಷ್ಟೊತ್ತು ಬೇಕಾಗೂದಿಲ್ರಿ" ಎಂದು ಕಾಡಿಸುತ್ತಿದ್ದೆ.

ಒಮ್ಮೆ ಆ ಪೈಪಿನ ಬಟ್ಟಲು ಸುಟ್ಟು ಬಿರುಕು ಬಿಟ್ಟಿತು. ನಾನು ಅಕ್ಕನ ಮನೆಗೆಂದು ಸೋಲಾಪುರಕ್ಕೆ ಹೊರಟಿದ್ದೆ. "ನಾನೂ ಬರ್ತೇನ್ರಿ ಅಕ್ಕೋರ, ಹೊಸಾದು ತಗೋಬೇಕು" ಎಂದರು. ಶಾಲೆಯ ಮಕ್ಕಳಂತೆ ಅವರೂ ನನ್ನನ್ನು ಅಕ್ಕೋರ ಎನ್ನುತ್ತಿದ್ದರು.

ಅಂಗಡಿಯಲ್ಲಿ ಒಂದೊಂದು ಪೈಪನ್ನೂ ಅಂಗೈಯಲ್ಲಿ ತೂಗಿ ನೋಡಿದರು, ಭಾರದವು ಬೇಡ. ಕೊಳವೆ ಕಳಚಿ ಮತ್ತೆ ಕೂಡಿಸಿ, ಸಂದಿಯಲ್ಲಿ ಉಗುರು ಸಿಗುತ್ತದೆಯೇ ಎಂದು ನೋಡಿದರು. ತಂತಿ ತೂರಿಸಿ, ತೂತು ಬಟ್ಟಲಿನ ತಳಕ್ಕೇ ಬಂದಿದೆಯೇ ಎಂದು ತಡಕಿದರು. ತಂಬಾಕಿಲ್ಲದೆ ಬಾಯಿಗಿಟ್ಟು ಗಾಳಿ ಎಳೆದರು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಪರೀಕ್ಷೆ ಮಾಡುವುದಿಲ್ಲ! ಅಂಗಡಿಯವನು ಥಳಥಳ ಹೊಳೆಯುವ ಒಂದನ್ನು ಮುಂದೆ ಹಿಡಿದ. ಕಾಕಾ ಅದನ್ನು ಸರಿಸಿ, ಮೈಯೆಲ್ಲ ಗೆರೆ, ತಗ್ಗು ಬಿದ್ದಿದ್ದ ಒಂದು ಕರಿ ಪೈಪು ಎತ್ತಿಕೊಂಡರು. ಕನ್ನಡಕ ಒರೆಸಿಕೊಂಡು, ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿಂದ ಸವರಿದರು. ಅದನ್ನೇ ಕಟ್ಟಿಸಿಕೊಂಡರು.

"ಕಾಕಾ, ಇದು ಹುಳಾ ತಿಂದಂಗ ಐತೆಲ್ರಿ" ಎಂದೆ. ನಕ್ಕರು, ಅಷ್ಟೆ. ತಾವು ಗೆಳೆಯನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವುದಾಗಿ ಹೇಳಿ, ಎಲ್ಲಾದರೂ ಮರೆತೇನು ಎಂದು ಪೈಪನ್ನು ನನ್ನ ಚೀಲದಲ್ಲಿ ಇಟ್ಟರು.

ಮರುದಿನ ಬಸ್ಸಿನಲ್ಲಿ ನನಗೆ ಅದೇ ಸಂಕಟ. ಕಾಕಾನ ಕನ್ನಡಕ ಹಳೆಯದು; ಅಂಗಡಿಯವ ಅವರ ಕಣ್ಣಿಗೆ ಮಣ್ಣೆರಚಿ ಹುಳುಕು ಮಾಲು ದಾಟಿಸಿದ ಎಂದು ಹೊಟ್ಟೆ ಉರಿಯಿತು. ಊರಿಗೆ ಬಂದವಳೇ ಬಡಿಗೇರ ಅಣ್ಣನ ಹತ್ತಿರ ಹೋದೆ. ನೊಗದಿಂದ ತೊಟ್ಟಿಲ ತನಕ ಊರಿನ ಕಟ್ಟಿಗೆ ಕೆಲಸವೆಲ್ಲ ಅವನದೇ. ನಮ್ಮ ಕಡೆ ಕಟ್ಟಿಗೆ ಒರಟಾಗಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. "ಮುಖಾ ಕಾಣೂ ಹಂಗ ಮಾಡ್ತೇನ್ರಿ ಅಕ್ಕೋರ" ಎಂದ. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ, ಮೂರು ಸಲ ಪಾಲಿಶ್ ಬಳಿದು, ಹೇಳಿದ ಹಾಗೇ ಮಾಡಿಕೊಟ್ಟ. ನನಗೆ ಎಷ್ಟು ಹೆಮ್ಮೆ!

ಕಾಕಾ ಬಂದ ದಿನ ಪೈಪು ಅವರ ಕೈಯಲ್ಲಿಟ್ಟೆ. ಹೆಬ್ಬೆರಳು ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು.

"ಅಕ್ಕೋರ, ನಂದು ಎಲ್ಲೈತ್ರಿ?"

"ಇದ ನಿಮ್ದರಿ ಕಾಕಾ. ನೆಟ್ಟಗ ಮಾಡಿಸೇನಿ."

 ಕಾಕು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಎಲ್ಲ ಹೇಳಿದರು. ಸೋಲಾಪುರದಲ್ಲಿ ಉಳಿದದ್ದು ಗೆಳೆಯನಿಗಾಗಿ ಅಲ್ಲ, ಕಣ್ಣಿನ ಡಾಕ್ಟರಿಗಾಗಿ. ದೃಷ್ಟಿ ಹೋಗುತ್ತಿತ್ತು, ಇನ್ನು ಕೆಲವೇ ತಿಂಗಳು. ಆ ಪೈಪು ಬ್ರಯರ್ ಎಂಬ ಗಿಡದ ಬೇರಿನ ಗಂಟಿನದು. ಅದರ ಮೇಲೆ ಜೋರಾಗಿ ಮರಳು ಹಾಯಿಸುತ್ತಾರೆ. ಮೆತ್ತಗಿದ್ದದ್ದು ಉದುರಿ, ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ನಾನು ಹುಳುಕು ಎಂದುಕೊಂಡದ್ದು ಅದನ್ನೇ.

"ಆಕಳ ಕೋಡಿನ ಉಂಗುರ ಎಣಿಸಿ ವಯಸ್ಸು ಹೇಳ್ತಿದ್ನೆಲ್ರಿ, ಹಂಗ ಇದ್ರಾಗೂ ಉಂಗುರ ಇದ್ದೂವು. ಕಣ್ಣಿದ್ದಾಗ ಒಮ್ಮೆ ನೋಡಿ ಇಟ್ಕೊಂಡ್ರ, ಮುಂದ ಬೆರಳು ಮುಟ್ಟಿದ ಕೂಡ್ಲೇ ಕಂಡಂಗ ಆಕ್ಕೈತಿ ಅಂತ ತಗೊಂಡಿದ್ದೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಳೆಯೇ ಸೋಲಾಪುರಕ್ಕೆ ಹೋಗಿ ಅಂಥದ್ದೇ ತರುತ್ತೇನೆ ಎಂದೆ.

"ಬ್ಯಾಡ್ರಿ. ಒಂದರ ಗೆರಿ ಇನ್ನೊಂದಕ್ಕ ಇರೂದಿಲ್ಲ. ಅವತ್ತ ನೋಡಾಕ ಎಷ್ಟ ತ್ರಾಸಾತು, ನೀವ ಕಂಡೀರಿ. ಮತ್ತೊಂದು ಆರಿಸಾಕ ಈ ಕಣ್ಣು ಸಾಲೂದಿಲ್ಲ."

ಒಂದೇ ಒಂದು ಸಲ ಹೊತ್ತಿಸಿದರು. ಪಾಲಿಶ್ ಗುಳ್ಳೆ ಎದ್ದು ಕೆಟ್ಟ ವಾಸನೆ ಬಂತು. ಆರಿಸಿ, ಬೂದಿ ಕೊಡವಿ ಇಟ್ಟುಬಿಟ್ಟರು. ಮುಂದಿನ ಯುಗಾದಿಯ ಹೊತ್ತಿಗೆ ಅವರಿಗೆ ನನ್ನ ದನಿಯಷ್ಟೇ ಗೊತ್ತಾಗುತ್ತಿತ್ತು. ಖಾಲಿ ಪೈಪು ಹಿಡಿದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಹೆಬ್ಬೆರಳು ಅದರ ಮೈಮೇಲೆ ಸುತ್ತುತ್ತಲೇ ಇರುತ್ತಿತ್ತು... ಬಂದವರಿಗೆಲ್ಲ ತೋರಿಸಿ ಹೇಳುತ್ತಿದ್ದರು: "ನಮ್ಮ ಅಕ್ಕೋರು ಮಾಡಿಸಿ ಕೊಟ್ಟಾರ, ಎಷ್ಟ ನುಣ್ಣಗ ಐತಿ ನೋಡ್ರಿ." ಆ ಮಾತಿನಲ್ಲಿ ಚುಚ್ಚುವಿಕೆ ಒಂದಿಷ್ಟೂ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಒಲೆಯ ಮೇಲೆ ಹಾಲಿದೆ ಎಂದು ನೆಪ ಹೇಳಿ ಒಳಗೆ ಹೋಗುತ್ತಿದ್ದೆ.

ಎರಡು ವರ್ಷದ ಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಕಾಕಾ ಹೋದ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮೂರು ದಿನವಾಗಿತ್ತು.

ಈಗ ನನಗೂ ನಿವೃತ್ತಿಯಾಗಿದೆ. ಒಳ್ಳೆಯದಕ್ಕೇ ಮಾಡಿದೆನಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇತ್ತೀಚೆಗೆ ಅದೂ ಬಾಯಿಗೆ ಬರುವುದಿಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ ಇತ್ತು. ಎರಡು ವರ್ಷದಲ್ಲಿ ಒಂದು ದಿನವೂ ಆಚೆ ಹೋಗಿ, ತಪ್ಪಾತು ಕಾಕಾ ಎಂದು ಹೇಳಲಿಲ್ಲ. ಇಂದು ಹೇಳಬೇಕೆನಿಸುತ್ತದೆ. ಕಾಕಾ ಇಲ್ಲ.