ಹಸಿರು ಬಿರಡೆ, ಎರಡು ಹೆಸರು

ಕೆರೆ ನೀರಿನ ಪಾಚಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸುವುದರಲ್ಲೇ ಆ ಲ್ಯಾಬ್ ಸಹಾಯಕಿಯ ಹತ್ತೊಂಬತ್ತು ವರ್ಷ ಕಳೆದಿತ್ತು. ಆ ವರ್ಷ ಪ್ರೊಫೆಸರರ ಪ್ರಬಂಧ ಅಚ್ಚಾಗಿ ಬಂತು. ಲೇಖಕರು ಹನ್ನೊಂದು ಮಂದಿ. ಸಂಜೆಯಾದರೆ ಪಾಚಿ ತಳಕ್ಕಿಳಿಯುತ್ತದೆ ಎಂಬ ಅದರ ಮುಖ್ಯ ಸಂಗತಿಯನ್ನು ಮೊದಲು ಕಂಡು ಹೇಳಿದವಳು ಈಕೆ. ಈಕೆಯ ಹೆಸರು ಮಾತ್ರ ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿತ್ತು, ಅದೂ ಕಾಗುಣಿತ ತಪ್ಪಿ.

"ಬರೆದೋರ ಹೆಸರು ಹಾಕ್ತಾರಮ್ಮ" ಎಂದರು ಪ್ರೊಫೆಸರ್.

"ಹನ್ನೊಂದು ಜನ ಒಂದೇ ಪೆನ್ ಹಿಡಿದ್ರಾ ಸಾರ್?"

ಅವರು ಕನ್ನಡಕ ಒರೆಸತೊಡಗಿದರು.

ಅಂದಿನಿಂದ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಒಬ್ಬಳೇ ಒಂದು ಪ್ರಬಂಧ ಬರೆದೇ ತೀರಬೇಕೆಂದು ಹಟ ಹಿಡಿದಳು. ಕೆಲವು ಬಾಟಲಿಗಳಲ್ಲಿ ಪಾಚಿ ಸುಮ್ಮಸುಮ್ಮನೆ ಸಾಯುತ್ತಿತ್ತು. ಹೊಸದಾಗಿ ತರಿಸಿದ್ದ ಹಸಿರು ರಬ್ಬರ್ ಬಿರಡೆಯಿಂದಲೇ ವಿಷ ಇಳಿಯುತ್ತಿದೆ ಎಂಬುದು ಐದು ತಿಂಗಳ ಪರೀಕ್ಷೆಯಲ್ಲಿ ಗೊತ್ತಾಯಿತು. ಎರಡು ಪುಟ ಬರೆದು ಮೇಲೆ ತನ್ನ ಹೆಸರು ಹಾಕಿದಳು. ಕೆಳಗೆ, "ಬಾಟಲಿ ತೊಳೆದ ಸಿಬ್ಬಂದಿಗೆ ಕೃತಜ್ಞತೆಗಳು" ಎಂದಿತ್ತು.

ಆ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ಹಾಳೆಯನ್ನು ಮಗುಚಿಡುತ್ತಿದ್ದಳು. "ಅಕ್ಕಾ, ಹಸಿರು ಬಿರಡೆ ಹಾಕಿದ್ದೇ ಸಾಯ್ತಿದೆ ನೋಡಿ" ಎಂದು ಮೊದಲು ಅಂದವಳು ಬಾಟಲಿ ತೊಳೆಯುವ ಹೆಂಗಸೇ.

ಮನೆಯಲ್ಲಿ ಆಕೆ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಇದ್ದಳು. ದರ್ಜಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿದ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಪ್ರಬಂಧ ಕಳಿಸೋದಾದ್ರೆ ಕಳಿಸು, ಇಲ್ಲಾಂದ್ರೆ ಕೂತ್ಕೋ."

"ಎರಡೂ ಆಗ್ತಿಲ್ಲ ಕಣ್ರೀ."

ಮರುದಿನ ಬೆಳಿಗ್ಗೆ ನೇರ ತೊಳೆಯುವ ಕೋಣೆಗೆ ಹೋದಳು. "ನಿನ್ನ ಹೆಸರೂ ಹಾಕ್ತೀನಿ ಕಣೇ, ನನ್ನ ಪಕ್ಕದಲ್ಲೇ."

ಮೊಣಕೈವರೆಗೆ ನೊರೆಯಾಗಿದ್ದ ಹೆಂಗಸು ತಿರುಗಿದಳು. "ತಪ್ಪಾಗಿದ್ರೆ ನನಗೂ ಬೈತಾರಾ?"

"ಅರ್ಧ ನಿನಗೆ."

"ಹಾಗಾದ್ರೆ ಮೊದಲು ಪೂರ್ತಿ ಓದಿ ಹೇಳಿ."

ಸಹಾಯಕಿ ಓದುತ್ತಾ ಮೂರನೇ ಪರೀಕ್ಷೆಯ ದಿನಾಂಕಕ್ಕೆ ಬಂದಾಗ ಆ ಹೆಂಗಸು ಕೈ ಅಡ್ಡ ಹಿಡಿದಳು. "ಆ ವಾರ ಬಿಸಿನೀರು ಬರ್ತಿರಲಿಲ್ಲ ಅಕ್ಕಾ. ತಣ್ಣೀರಲ್ಲೇ ತೊಳೆದಿದ್ದೆ. ಸೋಪು ಉಳಿದೇ ಪಾಚಿ ಸತ್ತಿರಬಹುದು."

ಸಹಾಯಕಿ ಆ ದಿನಾಂಕಕ್ಕೆ ಸುತ್ತು ಹಾಕಿದಳು. ಒಬ್ಬಳೇ ಕಳಿಸಿದ್ದರೆ ಈ ತಪ್ಪೂ ಅವಳೊಬ್ಬಳದೇ ಆಗುತ್ತಿತ್ತು. ಇಬ್ಬರೂ ಆರು ವಾರ ಮತ್ತೆ ಪರೀಕ್ಷೆ ಮಾಡಿದರು. ಬಿಸಿನೀರಲ್ಲಿ ತೊಳೆದ ಬಾಟಲಿಯಲ್ಲೂ ಹಸಿರು ಬಿರಡೆಯಡಿ ಪಾಚಿ ಮತ್ತೆ ಸತ್ತಿತು. ಅಷ್ಟು ಸಂತೋಷ ಕೊಟ್ಟ ಸಾವು ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಎರಡನೇ ಲೇಖಕಿಯ ಹುದ್ದೆ ಏನೆಂದು ಪತ್ರಿಕೆಯವರು ಕೇಳಿದಾಗ, ಬಾಟಲಿ ತೊಳೆಯುವವರು ಎಂದೇ ಬರೆದು ಕಳಿಸಿದರು. ಕಳಿಸಿದ ಎಂಟನೇ ತಿಂಗಳಿಗೆ ಪ್ರಬಂಧ ಅಚ್ಚಾಯಿತು.

ಆಮೇಲಾದರೂ ಸಹಾಯಕಿಗೆ ನೆಮ್ಮದಿ ಬಂತೇ? ಇಲ್ಲ. ಇನ್ನೆಲ್ಲಿ ಏನು ತಪ್ಪಿದೆಯೋ ಎಂದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದಳು. ಪ್ರೊಫೆಸರ್ ಹಸಿರು ಬಿರಡೆಗಳನ್ನು ತೆಗೆಸಿ ಹಾಕಿದರು. ಒಂದು ಮಧ್ಯಾಹ್ನ ತಮ್ಮ ಮುಂದಿನ ಪ್ರಬಂಧದ ಕರಡು ತಂದು ಆಕೆಯ ಮೇಜಿನ ಮೇಲಿಟ್ಟರು. "ನಿನ್ನ ಹೆಸರು ಸೇರಿಸಿದ್ದೀನಮ್ಮ."

"ಮೊದಲು ಓದ್ತೀನಿ ಸಾರ್. ಹೆಸರು ಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ" ಎಂದು ಪೆನ್ಸಿಲ್ ಕೈಗೆತ್ತಿಕೊಂಡಳು.