ಎರೆ ಎಂದರೆ ಯಾವ ಎರೆ?

ಮೊನ್ನೆ ಶುಕ್ರವಾರ ಬೆಳಿಗ್ಗೆ ಎರೆಮಣ್ಣು ನೆನೆಹಾಕುತ್ತಿದ್ದೆ. ತಲೆಗೆ ಹಚ್ಚಿ ಎರೆದುಕೊಳ್ಳಲು. (ಸಾಬೂನಿನವರು ರೇಡಿಯೋದಲ್ಲಿ ಏನು ಬೇಕಾದರೂ ಹಾಡಿಕೊಳ್ಳಲಿ. ನಮ್ಮ ವಿಜಾಪುರದ ಕರಿಮಣ್ಣಿನ ತಂಪು ಅದಕ್ಕೆಲ್ಲಿಂದ ಬರಬೇಕು?)

ಗೋಡೆಯಾಚೆಯಿಂದ ಕೂಗು ಬಂತು. "ಅಕ್ಕಾರ! ನಮ್ಮ ಮಾವ ಎದ್ದ ಕುಂತಾನ್ರಿ!"

ಕೂಗಿದವಳು ಪಕ್ಕದ ಮನೆಯ ರತ್ನಾಬಾಯಿ. ಗಂಡ ಭೀಮಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮಾವ ಸಿದ್ರಾಮಜ್ಜ ಬಿಜ್ಜರಗಿಯವನು. ವಿಷಮಜ್ವರ ಹಿಡಿದು ಇಬ್ರಾಹಿಂಪುರಕ್ಕೆ ಮಗನ ಮನೆಗೆ ಬಂದವನು, ಜ್ವರ ಇಳಿದು ಹದಿನೈದು ದಿನವಾದರೂ ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದ. ರೊಟ್ಟಿ ಬೇಡ, ಗಂಜಿಯೂ ಬೇಡ. "ರೋಗ ಹೋಗಿದೆ, ಏಳುವ ಮನಸ್ಸು ಬರಬೇಕು" ಎಂದಿದ್ದರು ಡಾಕ್ಟರು. ಮನಸ್ಸಿಗೆ ಯಾವ ಅಂಗಡಿಯಲ್ಲಿ ಔಷಧಿ ಸಿಗುತ್ತದೆ?

"ಏನರ ಬೇಡಿದನೇನು?" ಎಂದೆ.

"ಎರಿ ಬೇಕಂತ್ರಿ. ನಿಮ್ಮಲ್ಲೆ ಐತೇನು?"

ಇಲ್ಲದೆ ಏನು! ಜ್ವರದ ತಲೆ, ತೊಳೆದುಕೊಳ್ಳಬೇಕು ಅನಿಸಿರಬೇಕು ಎಂದು ನೆನೆದ ಮಣ್ಣಿನ ಬಟ್ಟಲನ್ನೇ ಎತ್ತಿ ಕೊಟ್ಟೆ. ಅವಳೂ ಅದೇ ಎಂದುಕೊಂಡು ಒಯ್ದಳು.

ಸ್ವಲ್ಪ ಹೊತ್ತಿಗೆ ಬಟ್ಟಲು ವಾಪಸ್ ಬಂತು. ಹಿಂದೆಯೇ ಕೋಲೂರಿಕೊಂಡು ಸಿದ್ರಾಮಜ್ಜ.

"ಏನ್ರಿ ಅವ್ವಾರ, ಇದನ್ನ ಹಚ್ಚಿ ಮೀನದ ತಲಿ ತೊಳೀಲೇನು? ಎರಿ ಅಂದ್ರ ಹುಳಾರಿ, ಹುಳಾ! ಗಾಳಕ್ಕ ಸಿಗಸೂದು."

ರತ್ನಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ತಲೆಗೆ ಹಚ್ಚುವುದೂ ಎರೆ, ಗಾಳಕ್ಕೆ ಸಿಕ್ಕಿಸುವುದೂ ಎರೆ, ನೀರು ಹಾಕುವುದೂ ಎರೆಯುವುದೇ. ನಮ್ಮ ಮಂದಿಗೆ ಇನ್ನೊಂದು ಶಬ್ದ ಸಿಗಲಿಲ್ಲವೇ?

ಭೀಮಣ್ಣನ ಡ್ಯೂಟಿ ಹತ್ತಕ್ಕೆ ಮುಗಿಯುತ್ತಿತ್ತು. ಸೈಕಲ್ ಮೇಲೆ ಅಪ್ಪನನ್ನು ತೊರವಿ ಕಡೆಯ ಕೆರೆಗೆ ಮೀನು ಹಿಡಿಯಲು ಒಯ್ಯುತ್ತೇನೆಂದು ಮಾತು ಕೊಟ್ಟಿದ್ದನಂತೆ. ಹುಳು ಮಾತ್ರ ಇಲ್ಲ. ಬೇಸಿಗೆಯಲ್ಲಿ ನಮ್ಮ ಕರಿನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹುಳುಗಳೆಲ್ಲ ತಂಪು ಹುಡುಕಿ ಪಾತಾಳಕ್ಕೆ.

"ಇವತ್ತ ಸಿಗಲಿಲ್ಲಂದ್ರ ಮತ್ತ ಮಲಗ್ತಾನ್ರಿ, ಅಕ್ಕಾರ" ಎಂದು ರತ್ನಾಬಾಯಿ ನನ್ನ ಕಿವಿಯಲ್ಲಿ ಹೇಳಿದಳು. ಈಗ ನಗು ಇರಲಿಲ್ಲ.

ಬಚ್ಚಲ ನೀರು ಹರಿಯುವ ಜಾಗ ತೋರಿಸಿದೆ. ಅಜ್ಜ ಕೋಲಿನಿಂದ ಕೆದರಿ ತಲೆಯಾಡಿಸಿದ. "ಸಾಬಾನದ ನೀರಾಗ ಹುಳ ನಿಲ್ಲೂದಿಲ್ರಿ." ಆಮೇಲೆ ಅವನ ಕಣ್ಣು ಅಂಗಳದ ಒಂದು ಕಡೆ ನಿಂತಿತು. ನಿಂತು, ತಕ್ಷಣ ಸರಿಯಿತು.

"ನಡಿ ಬೇ ರತ್ನಾ, ಮನಿಗೆ ಹೋಗೂಣು."

ಅವನು ನೋಡಿದ್ದು ನನ್ನ ತುಳಸಿಯ ಬುಡವನ್ನು. ಸುತ್ತ ನಾಲ್ಕು ಇಟ್ಟಿಗೆ, ಒಳಗೆ ಒದ್ದೆ ಮಣ್ಣು, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮಣ್ಣಿನ ಸಣ್ಣ ಸಣ್ಣ ಗುಳಿಗೆ. ಹುಳು ಉಗುಳಿದ್ದು. ವರ್ಷವಿಡೀ ನಾನೇ ದಿನಾ ತಂಬಿಗೆ ನೀರೆರೆದು ಸಾಕಿದ್ದೇನೆ!

"ಇಲ್ಲಿ ಅದಾವಲ್ಲ?" ಎಂದೆ.

"ಅದಾವ್ರಿ. ಆದ್ರ ನಾ ಮುಟ್ಟಂಗಿಲ್ಲ. ನಿಮ್ಮ ದೇವ್ರು."

ನನ್ನ ಎದುರಿಗೆ ತುಳಸಿ. ಪಕ್ಕದಲ್ಲಿ, ಮತ್ತೆ ಗೋಡೆಗೆ ಮುಖ ಮಾಡಲು ಹೊರಟ ಮುದುಕ. ಹುಳುವಿನದೂ ಜೀವ, ಮೀನಿನದೂ ಜೀವ; ಅದು ನನಗೆ ಗೊತ್ತಿಲ್ಲವೇ? ಮೀನು ನಮ್ಮ ಹೊಸ್ತಿಲು ದಾಟಿಲ್ಲ. ಅದರ ಮೇಲೆ ಶುಕ್ರವಾರ. ಶುಕ್ರವಾರ ತುಳಸಿಯ ದಳ ಕೀಳುವುದಿಲ್ಲ. (ಬುಡ ಕೆದರಬಾರದೆಂದು ಮಾತ್ರ ನನಗೆ ಯಾರೂ ಹೇಳಿಲ್ಲ.) ಕೈ ಮುಗಿದೆ. "ತಾಯಿ, ಹುಳುವೂ ನಿನ್ನದು, ಮುದುಕನೂ ನಿನ್ನವನು. ನಾನು ಮುದುಕನ ಕಡೆ" ಎಂದು ಕಳೆ ತೆಗೆಯುವ ಕುರ್ಪಿ ಹಿಡಿದು ಕುಳಿತೆ.

ಮೊದಲ ಹುಳುವಿನ ತುದಿ ಹಿಡಿದು ಎಳೆದೆ.

"ಜಗ್ಗಬ್ಯಾಡ್ರಿ! ಹರೀತೈತಿ!" ಅಜ್ಜ ಕಟ್ಟೆಯ ಮೇಲೆ ಕುಳಿತು ಮೇಸ್ತ್ರಿಯ ಹಾಗೆ ಗದರಿದ. "ಮಣ್ಣ ಸಡ್ಲ ಮಾಡ್ರಿ, ತಾನ ಬರ್ತೈತಿ. ಬೇರಿಗೆ ಪೆಟ್ಟು ಬೀಳಬಾರ್ದು ಮತ್ತ!"

ಅವನಿಗೂ ಬೇರಿನ ಚಿಂತೆ. ಸಡಿಲ ಮಾಡಿದೆ. ತಾನಾಗಿಯೇ ಬಂತು. ಒಂದೊಂದಾಗಿ ಹತ್ತು ಹನ್ನೆರಡು. ಒದ್ದೆ ಮಣ್ಣಿನ ಜೊತೆ ತೆಂಗಿನ ಚಿಪ್ಪಿಗೆ ಹಾಕಿ, ಹಸಿ ಅರಿವೆ ಮುಚ್ಚಿ ಕೊಟ್ಟೆ. ಅವನು ಅರಿವೆ ಸರಿಸಿ ಒಂದೊಂದನ್ನೂ ಎಣಿಸಿಕೊಂಡ.

ನಾನು ಮೈತೊಳೆದು, ವಾಪಸ್ ಬಂದ ಬಟ್ಟಲಿನ ಎರೆಮಣ್ಣಿನಲ್ಲೇ ತಲೆ ಎರೆದುಕೊಂಡೆ.

ಮಧ್ಯಾಹ್ನ ಸೈಕಲ್ ವಾಪಸ್ ಬಂತು. ಗೋಡೆಯ ಮೇಲೆ ಮತ್ತೆ ರತ್ನಾಬಾಯಿಯ ಮುಖ.

"ಮೀನ ಒಂದೂ ಬೀಳಲಿಲ್ರಿ, ಅಕ್ಕಾರ. ಎಲ್ಲಾ ಹುಳ ತಿಂದು ಓಡಿ ಹೋಗ್ಯಾವು. ಬಂದಾಂವನ ಬೈಕೋತ ಎರಡ ರೊಟ್ಟಿ ತಿಂದ, ಮೂರನೇದಕ್ಕ ಕೈ ಚಾಚ್ಯಾನ. ನಾಳೆ ಮತ್ತ ಹೊಕ್ಕೇನಿ ಅಂತಾನ!"

ಮೀನು ಬದುಕಿದವು. ಮುದುಕನಿಗೆ ಹಸಿವಾಯಿತು. ಒಂದು ಶುಕ್ರವಾರಕ್ಕೆ ಇನ್ನೆಷ್ಟು ಬೇಕು?

ಸಂಜೆ ದೀಪ ಹಚ್ಚುವ ಮೊದಲು ಕೆದರಿದ ಬುಡ ಸರಿಮಾಡಿ, ದಿನದ ಒಂದು ತಂಬಿಗೆಯ ಬದಲು ಎರಡು ಎರೆದೆ. ಒಳಗೆ ಉಳಿದವರಿಗೂ ಬೇಕಲ್ಲ?